ಬಿಳಿಬಾಲದ ಜಿಂಕೆಯ ಬೇಟೆ

ಬಿಳಿಬಾಲದ ಜಿಂಕೆಯ ಬೇಟೆಯು ಉತ್ತರ ಅಮೆರಿಕದಲ್ಲಿ, ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ, ಕಾನೂನಿನ ನಿಯಂತ್ರಣಕ್ಕೆ ಒಳಪಟ್ಟು ನಡೆಯುವ ಋತುಮಾನದ ಬೇಟೆಯಾಗಿದೆ. ಅಮೆರಿಕದಲ್ಲಿ ಅತ್ಯಂತ ಹೆಚ್ಚು ಜನರು ತೊಡಗಿಕೊಳ್ಳುವ ದೊಡ್ಡ ಪ್ರಾಣಿಯ ಬೇಟೆ ಇದೇ ಆಗಿದ್ದು, ವರ್ಷಕ್ಕೆ ಸುಮಾರು 60 ಲಕ್ಷ ಜಿಂಕೆಗಳು ಬೇಟೆಗೆ ಬಲಿಯಾಗುತ್ತವೆ. ಆಹಾರ, ಮನರಂಜನೆ, ಕುಟುಂಬದ ಸಂಪ್ರದಾಯ ಹಾಗೂ ಜಿಂಕೆಗಳ ಸಂಖ್ಯೆಯ ನಿಯಂತ್ರಣ ಇದರ ಉದ್ದೇಶಗಳು. ಹೊಸದಾಗಿ ಬೇಟೆಗೆ ಇಳಿಯುವವರು ಪ್ರಾಣಿಯ ಸ್ವಭಾವ, ಕಾನೂನು, ಆಯುಧದ ಬಳಕೆ, ಸುರಕ್ಷತೆ ಮತ್ತು ಮಾಂಸದ ನಿರ್ವಹಣೆಗಳನ್ನು ತಿಳಿದಿರಬೇಕಾಗುತ್ತದೆ. ಭಾರತದಲ್ಲಿ ಜಿಂಕೆಗಳ ಬೇಟೆ ಅಪರಾಧವಾಗಿದೆ.

## ಪ್ರಾಣಿಯ ಪರಿಚಯ

ಬಿಳಿಬಾಲದ ಜಿಂಕೆಯ ವೈಜ್ಞಾನಿಕ ಹೆಸರು ಓಡೋಕಾಯ್ಲಿಯಸ್ ವರ್ಜಿನಿಯಾನಸ್. ಕೆನಡಾದ ದಕ್ಷಿಣ ಭಾಗದಿಂದ ದಕ್ಷಿಣ ಅಮೆರಿಕದ ಪೆರು ಮತ್ತು ಬೊಲಿವಿಯಾದವರೆಗೆ ಇದರ ನೆಲೆ ಹರಡಿದೆ. ಫಿನ್ಲೆಂಡ್ ಮತ್ತು ನ್ಯೂಜಿಲೆಂಡ್‌ಗಳಿಗೂ ಇದನ್ನು ಮನುಷ್ಯರು ಕೊಂಡೊಯ್ದು ಬಿಟ್ಟಿದ್ದಾರೆ. ಅಪಾಯವನ್ನು ಕಂಡು ಓಡುವಾಗ ಬಾಲವನ್ನು ಮೇಲೆತ್ತಿ ಅದರ ಅಡಿಭಾಗದ ಬಿಳಿ ಬಣ್ಣವನ್ನು ಬಾವುಟದಂತೆ ತೋರಿಸುವುದರಿಂದ ಇದಕ್ಕೆ ಈ ಹೆಸರು ಬಂದಿದೆ. ಬೇಸಿಗೆಯಲ್ಲಿ ಕೆಂಗಂದು ಬಣ್ಣವಿರುವ ಮೈ ಚಳಿಗಾಲದಲ್ಲಿ ಬೂದುಗಂದಿಗೆ ತಿರುಗುತ್ತದೆ.

ಗಂಡು ಜಿಂಕೆಗಳಿಗೆ ಮಾತ್ರ ಕವಲೊಡೆದ ಕೊಂಬುಗಳಿರುತ್ತವೆ. ಕೃಷ್ಣಮೃಗದ ಕೊಂಬುಗಳು ಶಾಶ್ವತವಾದವು; ಬಿಳಿಬಾಲದ ಜಿಂಕೆಯ ಕೊಂಬುಗಳು ಪ್ರತಿವರ್ಷ ಚಳಿಗಾಲದಲ್ಲಿ ಉದುರಿ, ವಸಂತದಲ್ಲಿ ಮತ್ತೆ ಬೆಳೆಯಲಾರಂಭಿಸುತ್ತವೆ. ಬೆಳೆಯುವ ಕೊಂಬಿನ ಮೇಲಿನ ಮಖಮಲ್ಲಿನಂತಹ ತೊಗಲು ಬೇಸಿಗೆಯ ಕೊನೆಯಲ್ಲಿ ಒಣಗಿ ಕಳಚುತ್ತದೆ. ಕೊಂಬಿನ ಗಾತ್ರವು ವಯಸ್ಸು, ಆಹಾರ ಮತ್ತು ಆನುವಂಶಿಕತೆಗಳನ್ನು ಅವಲಂಬಿಸಿರುತ್ತದೆ. ಆದ್ದರಿಂದ ಕವಲುಗಳನ್ನು ಎಣಿಸಿ ವಯಸ್ಸನ್ನು ಹೇಳಲಾಗದು. ಸತ್ತ ಜಿಂಕೆಯ ವಯಸ್ಸನ್ನು ಸಾಮಾನ್ಯವಾಗಿ ದವಡೆಯ ಹಲ್ಲುಗಳ ಸವೆತದಿಂದ ಅಂದಾಜು ಮಾಡುತ್ತಾರೆ.

### ಇಂದ್ರಿಯಗಳು

ಈ ಜಿಂಕೆಯ ಮುಖ್ಯ ರಕ್ಷಣೆ ಅದರ ಘ್ರಾಣಶಕ್ತಿ. ಗಾಳಿಯಲ್ಲಿ ತೇಲಿಬರುವ ಮನುಷ್ಯನ ವಾಸನೆಯನ್ನು ಅದು ಬಹು ದೂರದಿಂದಲೇ ಗ್ರಹಿಸುತ್ತದೆ. ಕಿವಿಗಳನ್ನು ಬೇರೆ ಬೇರೆ ದಿಕ್ಕುಗಳಿಗೆ ತಿರುಗಿಸಿ ಸದ್ದಿನ ಮೂಲವನ್ನು ಗುರುತಿಸಬಲ್ಲದು. ಕಣ್ಣುಗಳು ತಲೆಯ ಎರಡೂ ಬದಿಗಳಲ್ಲಿರುವುದರಿಂದ ಸುತ್ತಲಿನ ಬಹುಭಾಗ ಅದಕ್ಕೆ ಕಾಣುತ್ತದೆ ಹಾಗೂ ಮಂದ ಬೆಳಕಿನಲ್ಲಿ ಚಲನೆಯನ್ನು ಚೆನ್ನಾಗಿ ಗುರುತಿಸುತ್ತದೆ. ಆದರೆ ಅದರ ಕಣ್ಣಿನಲ್ಲಿ ಬಣ್ಣವನ್ನು ಗ್ರಹಿಸುವ ಕೋಶಗಳು ಎರಡೇ ಬಗೆಯವು. ಹೀಗಾಗಿ ಕಿತ್ತಳೆ ಮತ್ತು ಕೆಂಪು ಬಣ್ಣಗಳನ್ನು ಹಸಿರಿನಿಂದ ಬೇರ್ಪಡಿಸಿ ನೋಡಲು ಅದಕ್ಕೆ ಆಗದು. ನೀಲಿ ಬಣ್ಣ ಮಾತ್ರ ಎದ್ದು ಕಾಣುತ್ತದೆ. ಬೇಟೆಗಾರರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಮೇಲಂಗಿಯನ್ನು ತೊಟ್ಟರೂ ಜಿಂಕೆ ಬೆದರದಿರಲು ಇದೇ ಕಾರಣ.

### ದಿನಚರಿ ಮತ್ತು ಬೆದೆಗಾಲ

ಮುಂಜಾವು ಮತ್ತು ಮುಸ್ಸಂಜೆಗಳಲ್ಲಿ ಜಿಂಕೆಗಳ ಓಡಾಟ ಹೆಚ್ಚು. ಹಗಲಿನ ಬಹುಭಾಗವನ್ನು ಪೊದೆಗಳ ಮರೆಯಲ್ಲಿ ಮಲಗಿ ಮೆಲುಕು ಹಾಕುತ್ತಾ ಕಳೆಯುತ್ತವೆ. ಎಲೆ, ಚಿಗುರು, ಹುಲ್ಲು, ಜೋಳ, ಸೋಯಾ ಮತ್ತು ಶರತ್ಕಾಲದಲ್ಲಿ ಉದುರುವ ಓಕ್ ಮರದ ಕಾಯಿಗಳು ಅವುಗಳ ಆಹಾರ. ಬಿಳಿ ಓಕ್ ಮರದ ಕಾಯಿಗಳಲ್ಲಿ ಒಗರು ಕಡಿಮೆಯಿರುವುದರಿಂದ ಅವನ್ನು ವಿಶೇಷವಾಗಿ ಇಷ್ಟಪಡುತ್ತವೆ.

ಬೆದೆಗಾಲವನ್ನು ನಿರ್ಧರಿಸುವುದು ಮುಖ್ಯವಾಗಿ ಹಗಲಿನ ಅವಧಿ ಕುಗ್ಗುವ ಪ್ರಮಾಣ. ಉತ್ತರದ ರಾಜ್ಯಗಳಲ್ಲಿ ಇದು ನವೆಂಬರ್ ತಿಂಗಳಿನಲ್ಲಿ ಉತ್ತುಂಗಕ್ಕೇರುತ್ತದೆ. ಆಗ ಗಂಡುಗಳು ಹೆಣ್ಣುಗಳನ್ನು ಅರಸುತ್ತಾ ಹಗಲಿನಲ್ಲಿಯೂ ಅಲೆದಾಡುತ್ತವೆ. ಎಳೆಯ ಮರಗಳ ತೊಗಟೆಯನ್ನು ಕೊಂಬಿನಿಂದ ಉಜ್ಜುತ್ತವೆ ಮತ್ತು ಗೊರಸಿನಿಂದ ನೆಲವನ್ನು ಕೆರೆದು ಅಲ್ಲಿ ಮೂತ್ರದ ವಾಸನೆಯನ್ನು ಬಿಡುತ್ತವೆ. ಗರ್ಭಾವಧಿ ಸುಮಾರು 200 ದಿನಗಳು. ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹುಟ್ಟುವ ಮರಿಗಳ ಮೈಮೇಲೆ ಬಿಳಿ ಚುಕ್ಕೆಗಳಿದ್ದು, ಕೆಲವು ತಿಂಗಳುಗಳಲ್ಲಿ ಮಾಯವಾಗುತ್ತವೆ.

## ಇತಿಹಾಸ

ಐರೋಪ್ಯರ ಆಗಮನಕ್ಕೆ ಬಹಳ ಹಿಂದಿನಿಂದಲೂ ಉತ್ತರ ಅಮೆರಿಕದ ಮೂಲನಿವಾಸಿಗಳು ಈ ಜಿಂಕೆಯನ್ನು ಬೇಟೆಯಾಡುತ್ತಿದ್ದರು. ಮಾಂಸ ಆಹಾರವಾದರೆ, ತೊಗಲು ಉಡುಪಾಗಿ, ಸ್ನಾಯುರಜ್ಜು ದಾರವಾಗಿ, ಮೂಳೆ ಮತ್ತು ಕೊಂಬುಗಳು ಸಲಕರಣೆಗಳಾಗಿ ಬಳಕೆಯಾಗುತ್ತಿದ್ದವು. 18ನೆಯ ಶತಮಾನದಲ್ಲಿ ಜಿಂಕೆಯ ತೊಗಲು ಯೂರೋಪಿಗೆ ರಫ್ತಾಗುವ ದೊಡ್ಡ ವ್ಯಾಪಾರದ ಸರಕಾಯಿತು. 19ನೆಯ ಶತಮಾನದಲ್ಲಿ ಮಾರುಕಟ್ಟೆಗಾಗಿ ನಡೆದ ಅನಿಯಂತ್ರಿತ ಬೇಟೆ ಮತ್ತು ಕಾಡಿನ ನಾಶದಿಂದ ಜಿಂಕೆಗಳು ಅನೇಕ ರಾಜ್ಯಗಳಲ್ಲಿ ಬಹುತೇಕ ಕಣ್ಮರೆಯಾದವು. 1900ರ ವೇಳೆಗೆ ಇಡೀ ದೇಶದಲ್ಲಿ ಸುಮಾರು 5 ಲಕ್ಷ ಅಥವಾ ಅದಕ್ಕಿಂತಲೂ ಕಡಿಮೆ ಜಿಂಕೆಗಳು ಉಳಿದಿದ್ದವೆಂದು ಅಂದಾಜಿದೆ.

1900ರಲ್ಲಿ ಜಾರಿಗೆ ಬಂದ ಲೇಸಿ ಕಾಯಿದೆಯು ಅಕ್ರಮವಾಗಿ ಕೊಂದ ಪ್ರಾಣಿಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದನ್ನು ನಿಷೇಧಿಸಿತು. ರಾಜ್ಯಗಳು ಬೇಟೆಯ ಋತುವನ್ನೂ ಮಿತಿಯನ್ನೂ ಗೊತ್ತುಪಡಿಸಿದವು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯು ರೈಫಲ್, ಶಾಟ್‌ಗನ್ ಮತ್ತು ಮದ್ದುಗುಂಡುಗಳ ಮೇಲಿನ ಶೇಕಡಾ 11ರ ತೆರಿಗೆಯನ್ನು ವನ್ಯಜೀವಿ ಸಂರಕ್ಷಣೆಗೆ ಮೀಸಲಿಟ್ಟಿತು. ಜಿಂಕೆಗಳನ್ನು ಹಿಡಿದು ಬರಿದಾದ ಕಾಡುಗಳಲ್ಲಿ ಮರಳಿ ಬಿಡುವ ಕಾರ್ಯವೂ ನಡೆಯಿತು. ಈ ಕ್ರಮಗಳ ಫಲವಾಗಿ ಇಂದು ಅಮೆರಿಕದಲ್ಲಿ ಸುಮಾರು 3 ಕೋಟಿ ಬಿಳಿಬಾಲದ ಜಿಂಕೆಗಳಿವೆ.

## ಕಾನೂನು ಮತ್ತು ಪರವಾನಗಿ

ಅಮೆರಿಕದಲ್ಲಿ ಬೇಟೆಯ ನಿಯಮಗಳನ್ನು ಆಯಾ ರಾಜ್ಯದ ವನ್ಯಜೀವಿ ಇಲಾಖೆಯು ರೂಪಿಸುತ್ತದೆ. ಆದ್ದರಿಂದ ಒಂದು ರಾಜ್ಯದಲ್ಲಿ ಸಮ್ಮತವಾದುದು ಪಕ್ಕದ ರಾಜ್ಯದಲ್ಲಿ ಅಪರಾಧವಾಗಿರಬಹುದು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಇಲಾಖೆಯು ಪ್ರಕಟಿಸುವ ಆ ವರ್ಷದ ಕೈಪಿಡಿಯನ್ನು ಓದುವುದು ಹೊಸ ಬೇಟೆಗಾರನ ಮೊದಲ ಕೆಲಸವೆಂದು ಪರಿಗಣಿತವಾಗಿದೆ. ಸಾಮಾನ್ಯವಾಗಿ ಗಮನಿಸಬೇಕಾದ ಅಂಶಗಳು ಹೀಗಿವೆ:

* ತರಬೇತಿ: ಬೇಟೆಗಾರರ ಶಿಕ್ಷಣವನ್ನು ನ್ಯೂಯಾರ್ಕ್ ರಾಜ್ಯವು 1949ರಲ್ಲಿ ಕಡ್ಡಾಯಗೊಳಿಸಿತು. ಈಗ ಬಹುತೇಕ ರಾಜ್ಯಗಳಲ್ಲಿ ಹೊಸಬರು ಈ ತರಗತಿಯನ್ನು ಮುಗಿಸಿದ ಮೇಲೆಯೇ ಪರವಾನಗಿ ಪಡೆಯಬಹುದು.
* ಪರವಾನಗಿ ಮತ್ತು ಗುರುತುಚೀಟಿ: ಪರವಾನಗಿಯ ಜೊತೆಗೆ ಪ್ರತಿ ಜಿಂಕೆಗೂ ಒಂದು ಚೀಟಿ ಇರುತ್ತದೆ. ಅನೇಕ ರಾಜ್ಯಗಳಲ್ಲಿ ಜಿಂಕೆಯನ್ನು ಕೊಂದ ಕೂಡಲೇ ಚೀಟಿಯನ್ನು ಭರ್ತಿ ಮಾಡಿ, ನಿಗದಿತ ಅವಧಿಯೊಳಗೆ ಇಲಾಖೆಗೆ ವರದಿ ಮಾಡಬೇಕು.
* ಋತು: ಬಿಲ್ಲು, ಮುಂಬಾಯಿಯಿಂದ ಮದ್ದು ತುಂಬುವ ಕೋವಿ ಮತ್ತು ಆಧುನಿಕ ಬಂದೂಕುಗಳಿಗೆ ಪ್ರತ್ಯೇಕ ಋತುಗಳಿರುತ್ತವೆ. ವಿಸ್ಕಾನ್ಸಿನ್ ರಾಜ್ಯದ 9 ದಿನಗಳ ಬಂದೂಕು ಋತುವು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಆರಂಭವಾಗುತ್ತದೆ.
* ಸಮಯ: ರಾತ್ರಿಯ ಬೇಟೆ ನಿಷಿದ್ಧ. ಅನೇಕ ರಾಜ್ಯಗಳಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆಯ ನಂತರದವರೆಗೆ ಅವಕಾಶವಿರುತ್ತದೆ.
* ಸ್ಥಳ: ಖಾಸಗಿ ಜಮೀನಿಗೆ ಮಾಲೀಕರ ಅನುಮತಿ ಬೇಕು. ಗಾಯಗೊಂಡ ಜಿಂಕೆಯನ್ನು ಹಿಂಬಾಲಿಸಿ ಬೇರೊಬ್ಬರ ಜಮೀನಿಗೆ ಹೋಗುವ ಮುನ್ನವೂ ಅನುಮತಿ ಕೇಳುವುದು ವಾಡಿಕೆ.
* ಆಮಿಷ ಮತ್ತು ನಾಯಿ: ಜೋಳ ಮುಂತಾದ ಆಹಾರವನ್ನು ಸುರಿದು ಜಿಂಕೆಯನ್ನು ಸೆಳೆಯುವುದು ಕೆಲವು ರಾಜ್ಯಗಳಲ್ಲಿ ಸಮ್ಮತ, ಕೆಲವೆಡೆ ನಿಷಿದ್ಧ. ನಾಯಿಗಳ ನೆರವಿನಿಂದ ಜಿಂಕೆಯನ್ನು ಓಡಿಸುವ ಪದ್ಧತಿ ದಕ್ಷಿಣದ ಕೆಲವು ರಾಜ್ಯಗಳಲ್ಲಿ ಮಾತ್ರ ಉಳಿದಿದೆ.

ವಲಸೆಯೇತರ ವೀಸಾ ಹೊಂದಿರುವ ವಿದೇಶೀಯರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದಿಂದ ಪಡೆದ ಊರ್ಜಿತ ಬೇಟೆಯ ಪರವಾನಗಿ ಇದ್ದವರಿಗೆ ಇದರಿಂದ ವಿನಾಯಿತಿ ಇದೆ. ಉದ್ಯೋಗ ಅಥವಾ ವ್ಯಾಸಂಗದ ವೀಸಾದಲ್ಲಿ ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಈ ನಿಯಮ ಅನ್ವಯಿಸುತ್ತದೆ. ಗೆಳೆಯರ ಬಂದೂಕನ್ನು ಹಿಡಿಯುವುದೂ ಪರವಾನಗಿಯಿಲ್ಲದವರಿಗೆ ಅಪರಾಧವಾಗಬಹುದು.

## ಆಯುಧಗಳು

ಬಯಲು ಮತ್ತು ತೆರೆದ ಕಾಡುಗಳಲ್ಲಿ ರೈಫಲ್ ಸಾಮಾನ್ಯ. .243 ವಿಂಚೆಸ್ಟರ್, .270 ವಿಂಚೆಸ್ಟರ್, .308 ವಿಂಚೆಸ್ಟರ್, .30-30 ಮತ್ತು .30-06 ಹೆಚ್ಚಾಗಿ ಬಳಕೆಯಲ್ಲಿರುವ ತೋಟಾಗಳು. ಇವುಗಳಲ್ಲಿ .243 ತೋಟಾದ ಹಿಮ್ಮೆಟ್ಟು ಕಡಿಮೆಯಿರುವುದರಿಂದ ಹೊಸಬರಿಗೆ ಅದನ್ನು ಸೂಚಿಸುವುದುಂಟು. ಹೆಚ್ಚು ಹಿಮ್ಮೆಟ್ಟುವ ಬಂದೂಕಿಗೆ ಅಂಜಿ ಗುರಿ ತಪ್ಪುವುದು ಹೊಸಬರಲ್ಲಿ ಸಾಮಾನ್ಯ. ಜನವಸತಿ ದಟ್ಟವಾಗಿರುವ ಕೆಲವು ಪ್ರದೇಶಗಳಲ್ಲಿ ಗುಂಡು ಬಹುದೂರ ಸಾಗದಿರಲೆಂದು ಒಂಟಿ ಗುಂಡಿನ ಶಾಟ್‌ಗನ್ ಮಾತ್ರ ಬಳಸಬೇಕೆಂಬ ನಿಯಮವಿದೆ. ಬಿಲ್ಲುಗಾರರಲ್ಲಿ ರಾಟೆಗಳುಳ್ಳ ಕಾಂಪೌಂಡ್ ಬಿಲ್ಲು ಜನಪ್ರಿಯ. ಬಿಲ್ಲಿನ ಬೇಟೆಯಲ್ಲಿ ಜಿಂಕೆಗೆ ಬಹಳ ಸಮೀಪವಿರಬೇಕಾದ್ದರಿಂದ ಅಭ್ಯಾಸ ಹೆಚ್ಚು ಬೇಕಾಗುತ್ತದೆ.

ಋತುವಿಗೆ ಮುನ್ನ, ಬೇಟೆಯಲ್ಲಿ ಬಳಸುವ ಅದೇ ತೋಟಾದಿಂದಲೇ ಬಂದೂಕಿನ ಗುರಿಯನ್ನು ಸರಿಹೊಂದಿಸಲಾಗುತ್ತದೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಭಾಗ ಒಂದು ಊಟದ ತಟ್ಟೆಯಷ್ಟು, ಅಂದರೆ ಸುಮಾರು 20ರಿಂದ 25 ಸೆಂಟಿಮೀಟರ್ ಅಗಲವಿರುತ್ತದೆ. ಮೈದಾನದಲ್ಲಿ ಕುಳಿತು, ಮಂಡಿಯೂರಿ ಮತ್ತು ನಿಂತು ಹೊಡೆದಾಗ ಎಷ್ಟು ದೂರದವರೆಗೆ ಪ್ರತಿ ಗುಂಡೂ ಅಷ್ಟು ಅಗಲದೊಳಗೆ ಬೀಳುತ್ತದೆಯೋ ಅದೇ ಆ ವ್ಯಕ್ತಿಯ ಮಿತಿ. ಬಂದೂಕು ಅದಕ್ಕಿಂತ ದೂರ ಹೊಡೆಯಬಲ್ಲುದಾದರೂ ಈ ಮಿತಿಯನ್ನು ಮೀರಬಾರದೆಂದು ಬೋಧಿಸಲಾಗುತ್ತದೆ.

## ಬೇಟೆಯ ವಿಧಾನಗಳು

### ನೆಲೆಯ ಪರಿಶೀಲನೆ

ಋತು ಆರಂಭವಾಗುವ ಮೊದಲೇ ಕಾಡನ್ನು ನಡೆದು ನೋಡುವುದು ರೂಢಿ. ಹೆಜ್ಜೆಗುರುತು, ಹಿಕ್ಕೆ, ಸವೆದ ಜಾಡು, ಉಜ್ಜಿದ ಮರ, ಕೆರೆದ ನೆಲ ಮತ್ತು ಮಲಗಿದ್ದ ಜಾಗದಲ್ಲಿ ಬಾಗಿದ ಹುಲ್ಲು ಜಿಂಕೆಯ ಇರುವಿಕೆಯನ್ನು ಸೂಚಿಸುತ್ತವೆ. ಮಲಗುವ ತಾಣ ಮತ್ತು ಮೇವಿನ ತಾಣಗಳ ನಡುವಿನ ಜಾಡನ್ನು ಗುರುತಿಸಿ, ಅದರ ಪಕ್ಕದಲ್ಲಿ ಕಾಯುವುದು ಬೇಟೆಯ ಮೂಲ ತಂತ್ರ. ಎರಡು ಕಾಡುಗಳನ್ನು ಜೋಡಿಸುವ ಕಿರಿದಾದ ಮರಗಳ ಸಾಲು, ಬೇಲಿಯ ತಗ್ಗು, ತೊರೆ ದಾಟುವ ಸ್ಥಳಗಳಲ್ಲಿ ಜಿಂಕೆಗಳು ಹಾದುಹೋಗುವ ಸಂಭವ ಹೆಚ್ಚು.

### ಗಾಳಿ

ಹೊಸಬರ ಸೋಲಿಗೆ ಬಹುಪಾಲು ಕಾರಣ ಗಾಳಿಯ ಅಲಕ್ಷ್ಯ. ಜಿಂಕೆ ಬರುವ ದಿಕ್ಕಿನಿಂದ ಬೇಟೆಗಾರನ ಕಡೆಗೆ ಗಾಳಿ ಬೀಸುವಂತೆ ಕುಳಿತುಕೊಳ್ಳಬೇಕು. ಗುಡ್ಡಗಾಡಿನಲ್ಲಿ ಬಿಸಿಲೇರಿದಂತೆ ಗಾಳಿಯು ಇಳಿಜಾರಿನಲ್ಲಿ ಮೇಲಕ್ಕೂ, ಸಂಜೆ ತಂಪಾದಂತೆ ಕಣಿವೆಯ ಕಡೆಗೂ ಹರಿಯುತ್ತದೆ. ಹೀಗಾಗಿ ಬೆಳಗಿನ ಕಾವಲಿಗೆ ಒಪ್ಪುವ ಜಾಗ ಸಂಜೆಗೆ ಒಪ್ಪದಿರಬಹುದು. ಕಾವಲಿನ ಸ್ಥಳಕ್ಕೆ ಹೋಗುವ ದಾರಿಯೂ ಮುಖ್ಯ. ಜಿಂಕೆಗಳು ಮಲಗಿರುವ ಪೊದೆಯ ಪಕ್ಕದಲ್ಲಿ ನಡೆದುಹೋದವರಿಗೆ ಆ ದಿನ ಅವು ಕಾಣಸಿಗುವುದು ಅಪರೂಪ.

### ಕಾಯುವುದು ಮತ್ತು ಅರಸುವುದು

* ಅಟ್ಟಣೆಯ ಬೇಟೆ: ಮರಕ್ಕೆ ಕಟ್ಟಿದ ಅಟ್ಟಣೆಯಲ್ಲಿ ಕುಳಿತು ಕಾಯುವುದು. ಎತ್ತರದಿಂದ ನೋಟ ವಿಶಾಲವಾಗುತ್ತದೆ, ಮತ್ತು ಗುಂಡು ನೆಲದ ಕಡೆಗೆ ಸಾಗುವುದರಿಂದ ಹಿನ್ನೆಲೆಯ ಅಪಾಯ ಕಡಿಮೆ.
* ನೆಲದ ಮರೆ: ಬಟ್ಟೆಯ ಗುಡಾರ ಅಥವಾ ಪೊದೆಯ ಮರೆಯಲ್ಲಿ ಕೂರುವುದು. ಹೊಸಬರಿಗೂ ಮಕ್ಕಳೊಂದಿಗೆ ಬರುವವರಿಗೂ ಇದು ಅನುಕೂಲ.
* ಮೆಲುನಡೆಯ ಬೇಟೆ: ಗಾಳಿಗೆ ಎದುರಾಗಿ ಕೆಲವು ಹೆಜ್ಜೆ ನಡೆದು, ಬಹಳ ಹೊತ್ತು ನಿಂತು ನೋಡುವುದು. ಇದಕ್ಕೆ ಅನುಭವ ಬೇಕು.
* ಸೋವು: ಕೆಲವರು ಕಾಡನ್ನು ಸೋಯುತ್ತಾ ಬರುವಾಗ ಉಳಿದವರು ಆಚೆ ಕಾಯುವುದು. ಎಲ್ಲರೂ ಎಲ್ಲಿದ್ದಾರೆಂಬುದು ಎಲ್ಲರಿಗೂ ತಿಳಿದಿರದಿದ್ದರೆ ಇದು ಅತ್ಯಂತ ಅಪಾಯಕಾರಿ.

## ಸುರಕ್ಷತೆ

ಬಂದೂಕಿನ ಬಳಕೆಯಲ್ಲಿ ನಾಲ್ಕು ನಿಯಮಗಳನ್ನು ಎಲ್ಲ ತರಗತಿಗಳಲ್ಲಿಯೂ ಬೋಧಿಸುತ್ತಾರೆ: ಪ್ರತಿ ಬಂದೂಕಿನಲ್ಲೂ ಗುಂಡಿದೆಯೆಂದೇ ಭಾವಿಸಬೇಕು, ನಳಿಗೆಯನ್ನು ಯಾವಾಗಲೂ ಸುರಕ್ಷಿತ ದಿಕ್ಕಿಗೆ ತಿರುಗಿಸಿರಬೇಕು, ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರಬೇಕು, ಗುರಿಯನ್ನೂ ಅದರ ಹಿಂದಿರುವುದನ್ನೂ ಖಚಿತಪಡಿಸಿಕೊಳ್ಳಬೇಕು. ಸದ್ದಿಗೆ, ಚಲನೆಗೆ ಅಥವಾ ಬಣ್ಣದ ತುಣುಕಿಗೆ ಗುಂಡು ಹಾರಿಸಿ ಮನುಷ್ಯರನ್ನೇ ಕೊಂದ ಪ್ರಕರಣಗಳಿವೆ. ಬಂದೂಕಿನ ಮೇಲಿನ ದುರ್ಬೀನಿನಿಂದ ಅಪರಿಚಿತ ಆಕೃತಿಯನ್ನು ನೋಡುವುದೆಂದರೆ ಅದರತ್ತ ನಳಿಗೆಯನ್ನು ತಿರುಗಿಸಿದಂತೆಯೇ. ಇದಕ್ಕಾಗಿ ಪ್ರತ್ಯೇಕ ದುರ್ಬೀನನ್ನು ಬಳಸಬೇಕು.

ಬಂದೂಕು ಋತುವಿನಲ್ಲಿ ಹೊಳೆಯುವ ಕಿತ್ತಳೆ ಬಣ್ಣದ ಉಡುಪನ್ನು ಹೆಚ್ಚಿನ ರಾಜ್ಯಗಳು ಕಡ್ಡಾಯಗೊಳಿಸಿವೆ. ವಿಸ್ಕಾನ್ಸಿನ್ ರಾಜ್ಯವು 2016ರಿಂದ ಹೊಳೆಯುವ ಗುಲಾಬಿ ಬಣ್ಣಕ್ಕೂ ಅನುಮತಿ ನೀಡಿದೆ. ಜಿಂಕೆಯ ಬಾಲವನ್ನು ನೆನಪಿಸುವ ಬಿಳಿ ಕರವಸ್ತ್ರ, ಟೋಪಿಗಳನ್ನು ಕಾಡಿನಲ್ಲಿ ಬಳಸಬಾರದೆಂಬ ಸಲಹೆ ಹಳೆಯದು.

ಗುಂಡಿನ ಅವಘಡಗಳಷ್ಟೇ ಗಂಭೀರವಾದುದು ಅಟ್ಟಣೆಯಿಂದ ಬೀಳುವುದು. ನೆಲ ಬಿಟ್ಟ ಕ್ಷಣದಿಂದ ಮರಳಿ ನೆಲಕ್ಕೆ ಇಳಿಯುವವರೆಗೆ ಇಡೀ ಮೈಯನ್ನು ಹಿಡಿದಿಡುವ ಪಟ್ಟಿಯನ್ನು ಕಟ್ಟಿಕೊಂಡಿರಬೇಕು. ಏರುವಾಗ ಎರಡು ಕೈ ಒಂದು ಕಾಲು ಅಥವಾ ಎರಡು ಕಾಲು ಒಂದು ಕೈ ಸದಾ ಆಧಾರದಲ್ಲಿರಬೇಕು. ಬಂದೂಕನ್ನು ಹೊತ್ತು ಏರಬಾರದು. ಗುಂಡು ತೆಗೆದ ಬಂದೂಕನ್ನು ಹಗ್ಗದಿಂದ ಮೇಲಕ್ಕೆ ಎಳೆದುಕೊಳ್ಳಬೇಕು. ಬಿದ್ದು ಪಟ್ಟಿಯಲ್ಲಿ ಬಹಳ ಹೊತ್ತು ನೇತಾಡಿದರೆ ಕಾಲುಗಳಲ್ಲಿ ರಕ್ತ ನಿಂತು ಪ್ರಾಣಾಪಾಯವಾಗಬಹುದು. ಹೋಗುವ ಸ್ಥಳ ಮತ್ತು ಮರಳುವ ಸಮಯವನ್ನು ಮನೆಯವರಿಗೆ ತಿಳಿಸಿರುವುದು ಇಂತಹ ಸಂದರ್ಭದಲ್ಲಿ ಜೀವ ಉಳಿಸುತ್ತದೆ.

ಕಪ್ಪುಕಾಲಿನ ಉಣುಗುಗಳು ಲೈಮ್ ರೋಗವನ್ನು ಹರಡುವುದರಿಂದ ಮರಳಿದ ಮೇಲೆ ಮೈಯನ್ನು ಪರೀಕ್ಷಿಸಿಕೊಳ್ಳುವುದೂ ಅಗತ್ಯ.

## ಗುಂಡು ಮತ್ತು ಅದರ ನಂತರ

ಪೂರ್ಣ ಪಕ್ಕಕ್ಕೆ ನಿಂತ ಅಥವಾ ಸ್ವಲ್ಪ ಆಚೆಗೆ ಓರೆಯಾಗಿ ನಿಂತ ಜಿಂಕೆಗೆ ಮಾತ್ರ ಹೊಡೆಯುವಂತೆ ಹೊಸಬರಿಗೆ ಸೂಚಿಸಲಾಗುತ್ತದೆ. ಪಕ್ಕಕ್ಕೆ ನಿಂತಿದ್ದರೆ ಗುರಿ ಮುಂಗಾಲಿನ ಸ್ವಲ್ಪ ಹಿಂದೆ, ಎದೆಯ ಎತ್ತರದ ಕೆಳಗಿನ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರಬೇಕು. ಓಡುತ್ತಿರುವ, ಹಿಂಬದಿಯನ್ನು ತೋರುತ್ತಿರುವ ಅಥವಾ ಪೊದೆಯ ಮರೆಯಲ್ಲಿರುವ ಜಿಂಕೆಗೆ ಹೊಡೆದರೆ ಅದು ಗಾಯಗೊಂಡು ನರಳಿ ಸಾಯುವ ಸಂಭವ ಹೆಚ್ಚು. ಜಿಂಕೆಯನ್ನು ಕಂಡೊಡನೆ ಎದೆ ಬಡಿದು ಕೈ ನಡುಗುವ ಸ್ಥಿತಿಯನ್ನು ಅಲ್ಲಿಯ ಬೇಟೆಗಾರರು ‘ಬಕ್ ಫೀವರ್’ ಎನ್ನುತ್ತಾರೆ. ಉಸಿರನ್ನು ನಿಧಾನಗೊಳಿಸುವುದು, ಬಂದೂಕಿಗೆ ಆಸರೆ ಕೊಡುವುದು ಮತ್ತು ನಡುಕ ನಿಲ್ಲದಿದ್ದರೆ ಹೊಡೆಯದಿರುವುದು ಇದಕ್ಕೆ ಪರಿಹಾರ.

ಸರಿಯಾಗಿ ತಗುಲಿದ ಜಿಂಕೆಯೂ ಸ್ವಲ್ಪ ದೂರ ಓಡಿ ಬೀಳುವುದು ಸಾಮಾನ್ಯ. ಅದು ನಿಂತಿದ್ದ ಸ್ಥಳವನ್ನೂ ಕೊನೆಗೆ ಕಂಡ ಸ್ಥಳವನ್ನೂ ಗುರುತಿಟ್ಟುಕೊಂಡು, ಸುಮಾರು ಅರ್ಧ ಗಂಟೆ ಕಾದು ಹುಡುಕಬೇಕು. ನೊರೆಗೂಡಿದ ನಸುಗೆಂಪು ರಕ್ತವು ಶ್ವಾಸಕೋಶದ ಗಾಯವನ್ನೂ, ದಟ್ಟ ಕೆಂಪು ರಕ್ತವು ಯಕೃತ್ತಿನ ಗಾಯವನ್ನೂ ಸೂಚಿಸುತ್ತದೆ. ಹಸಿರು ಬೆರೆತ, ದುರ್ವಾಸನೆಯ ದ್ರವ ಕಂಡರೆ ಗುಂಡು ಹೊಟ್ಟೆಗೆ ತಗುಲಿದೆ ಎಂದರ್ಥ. ಆಗ ಅವಸರದಿಂದ ಹಿಂಬಾಲಿಸಿದರೆ ಜಿಂಕೆ ಎದ್ದು ಬಹುದೂರ ಹೋಗುವುದರಿಂದ ಹಲವು ಗಂಟೆ ಕಾಯಲಾಗುತ್ತದೆ. ರಕ್ತದ ಜಾಡು ಸಿಗದಿದ್ದರೂ ಗುಂಡು ತಪ್ಪಿತೆಂದು ತೀರ್ಮಾನಿಸದೆ ಸುತ್ತಲೂ ಹುಡುಕುವುದು ಬೇಟೆಗಾರನ ಕರ್ತವ್ಯ. ಕೆಲವು ರಾಜ್ಯಗಳಲ್ಲಿ ಹಗ್ಗ ಕಟ್ಟಿದ ನಾಯಿಯಿಂದ ಜಾಡು ಹಿಡಿಸಲು ಅವಕಾಶವಿದೆ.

## ಮಾಂಸದ ನಿರ್ವಹಣೆ

ಜಿಂಕೆ ಸತ್ತ ಮೇಲೆ ಒಡಲಿನ ಬಿಸಿ ಮಾಂಸವನ್ನು ಕೆಡಿಸುವುದರಿಂದ ಕರುಳು ಮತ್ತು ಇತರ ಒಳಾಂಗಗಳನ್ನು ಸ್ಥಳದಲ್ಲಿಯೇ ತೆಗೆಯುತ್ತಾರೆ. ಕೈಗವಸು ತೊಟ್ಟು, ಜಠರ ಮತ್ತು ಮೂತ್ರಕೋಶಗಳು ಹರಿಯದಂತೆ ಚರ್ಮವನ್ನು ಕೊಯ್ಯಬೇಕು. ಬಳಿಕ ಒಡಲನ್ನು ತೆರೆದಿಟ್ಟು ತಂಪುಗೊಳಿಸಿ, ಮಾಂಸವನ್ನು ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಉಷ್ಣತೆಯಲ್ಲಿ ಇಡಬೇಕು. ಬಿಸಿಲಿನ ದಿನಗಳಲ್ಲಿ ಮಂಜುಗಡ್ಡೆ ಬಳಸುತ್ತಾರೆ.

ಸೀಸದ ಗುಂಡು ಒಡೆದು ಅದರ ಸೂಕ್ಷ್ಮ ಚೂರುಗಳು ಗಾಯದಿಂದ ದೂರದ ಮಾಂಸದಲ್ಲಿಯೂ ಸೇರುತ್ತವೆ. ಮಕ್ಕಳು ಮತ್ತು ಗರ್ಭಿಣಿಯರಿಗೆ ಸೀಸ ಹಾನಿಕರವಾದ್ದರಿಂದ ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ತೆಗೆಯಬೇಕು ಅಥವಾ ತಾಮ್ರದ ಗುಂಡನ್ನು ಬಳಸಬೇಕು. ಅಮೆರಿಕದಲ್ಲಿ ಬೇಟೆಯಾಡಿದ ಕಾಡುಜಿಂಕೆಯ ಮಾಂಸವನ್ನು ಮಾರುವಂತಿಲ್ಲ. ಆದರೆ ಹಸಿದವರಿಗೆ ದಾನ ಮಾಡಬಹುದು. ಇದಕ್ಕಾಗಿಯೇ ಹಲವು ರಾಜ್ಯಗಳಲ್ಲಿ ಸ್ವಯಂಸೇವಾ ಸಂಸ್ಥೆಗಳಿವೆ.

### ಕ್ಷಯಿಸುವ ರೋಗ

ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬುದು ಜಿಂಕೆ ಜಾತಿಯ ಪ್ರಾಣಿಗಳ ಮಿದುಳನ್ನು ನಾಶಪಡಿಸುವ ಮಾರಕ ರೋಗ. 1967ರಲ್ಲಿ ಕೊಲೊರಾಡೊ ರಾಜ್ಯದಲ್ಲಿ ಬಂಧನದಲ್ಲಿದ್ದ ಮ್ಯೂಲ್ ಜಿಂಕೆಗಳಲ್ಲಿ ಇದನ್ನು ಮೊದಲು ಗಮನಿಸಲಾಯಿತು. 2002ರಲ್ಲಿ ವಿಸ್ಕಾನ್ಸಿನ್‌ನಲ್ಲಿ ದೃಢಪಟ್ಟ ಈ ರೋಗ ಈಗ 30ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಇದಕ್ಕೆ ಕಾರಣವಾದ ಪ್ರಿಯಾನ್ ಎಂಬ ವಿಕೃತ ಪ್ರೋಟೀನು ಬೇಯಿಸುವುದರಿಂದ ನಾಶವಾಗದು; ಮಣ್ಣಿನಲ್ಲಿಯೂ ವರ್ಷಗಟ್ಟಲೆ ಉಳಿಯುತ್ತದೆ. ಲಸಿಕೆಯಾಗಲಿ ಚಿಕಿತ್ಸೆಯಾಗಲಿ ಇಲ್ಲ. ಮನುಷ್ಯರಿಗೆ ತಗುಲಿದ ದೃಢಪಟ್ಟ ಪ್ರಕರಣಗಳಿಲ್ಲವಾದರೂ, ರೋಗವಿರುವ ಪ್ರದೇಶದ ಜಿಂಕೆಯನ್ನು ಪರೀಕ್ಷೆಗೆ ಒಳಪಡಿಸಬೇಕೆಂದೂ ಸೋಂಕು ಕಂಡುಬಂದರೆ ಮಾಂಸವನ್ನು ತಿನ್ನಬಾರದೆಂದೂ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಸಲಹೆ ನೀಡಿದೆ. ಮಿದುಳು ಮತ್ತು ಬೆನ್ನುಹುರಿಗಳನ್ನು ರೋಗಪೀಡಿತ ಪ್ರದೇಶದಿಂದ ಹೊರಗೆ ಸಾಗಿಸುವುದಕ್ಕೆ ಅನೇಕ ರಾಜ್ಯಗಳಲ್ಲಿ ನಿರ್ಬಂಧವಿದೆ.

## ಪರ ಮತ್ತು ವಿರೋಧ

ತೋಳ ಮತ್ತು ಪೂಮಾಗಳು ಅಮೆರಿಕದ ಪೂರ್ವ ಭಾಗದ ಬಹುತೇಕ ಕಡೆಗಳಲ್ಲಿ ನಿರ್ನಾಮವಾದ ಕಾರಣ ಜಿಂಕೆಗಳಿಗೆ ಸಹಜ ಶತ್ರುಗಳು ಕಡಿಮೆ. ಸಂಖ್ಯೆ ಮಿತಿಮೀರಿದಾಗ ಅವು ಕಾಡಿನ ಸಸಿಗಳನ್ನೂ ಹೂಗಿಡಗಳನ್ನೂ ತಿಂದು ಕಾಡಿನ ಪುನರುತ್ಪತ್ತಿಯನ್ನು ತಡೆಯುತ್ತವೆ. ಬೆಳೆಹಾನಿ ಮತ್ತು ರಸ್ತೆ ಅಪಘಾತಗಳೂ ಹೆಚ್ಚುತ್ತವೆ. ವಿಮಾ ಕಂಪನಿಗಳ ಅಂದಾಜಿನಂತೆ ಅಮೆರಿಕದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ವಾಹನಗಳು ಜಿಂಕೆ ಮೊದಲಾದ ಪ್ರಾಣಿಗಳಿಗೆ ಡಿಕ್ಕಿ ಹೊಡೆಯುತ್ತವೆ. ಜಿಂಕೆಗಳ ಸಂಖ್ಯೆಯನ್ನು ಇಳಿಸಲು ಹೆಣ್ಣುಗಳ ಬೇಟೆಯೇ ಹೆಚ್ಚು ಪರಿಣಾಮಕಾರಿಯಾದ್ದರಿಂದ ಹಲವು ರಾಜ್ಯಗಳು ಹೆಣ್ಣುಗಳಿಗೆ ಹೆಚ್ಚುವರಿ ಚೀಟಿಗಳನ್ನು ನೀಡುತ್ತವೆ.

ಬೇಟೆಯನ್ನು ವಿರೋಧಿಸುವವರು ಪ್ರಾಣಿಗಳ ನೋವು, ಗಾಯಗೊಂಡು ಸಿಗದೆ ಹೋಗುವ ಜಿಂಕೆಗಳು ಮತ್ತು ಕೊಂಬಿನ ಮೋಹಕ್ಕಾಗಿ ಕೊಲ್ಲುವುದನ್ನು ಎತ್ತಿ ತೋರಿಸುತ್ತಾರೆ. ಸಂತಾನ ನಿಯಂತ್ರಣದ ಚುಚ್ಚುಮದ್ದನ್ನು ಪರ್ಯಾಯವಾಗಿ ಸೂಚಿಸುತ್ತಾರೆ. ಉದ್ಯಾನಗಳಂತಹ ಸೀಮಿತ ಸ್ಥಳಗಳಲ್ಲಿ ಇದನ್ನು ಪ್ರಯೋಗಿಸಲಾಗಿದೆಯಾದರೂ ವಿಶಾಲ ಕಾಡುಗಳಲ್ಲಿ ವೆಚ್ಚ ಮತ್ತು ಶ್ರಮಗಳು ಅಡ್ಡಿಯಾಗಿವೆ.

## ಭಾರತದ ಸಂದರ್ಭ

ಬಿಳಿಬಾಲದ ಜಿಂಕೆ ಭಾರತದ ಪ್ರಾಣಿಯಲ್ಲ. ಕರ್ನಾಟಕದ ಕಾಡುಗಳಲ್ಲಿರುವ ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ ಮೊದಲಾದವು ವನ್ಯಜೀವಿ ಸಂರಕ್ಷಣಾ ಕಾಯಿದೆ, 1972ರ ರಕ್ಷಣೆಗೆ ಒಳಪಟ್ಟಿದ್ದು, ಅವುಗಳ ಬೇಟೆ ಮತ್ತು ಮಾಂಸದ ಸಂಗ್ರಹ ಎರಡೂ ಜೈಲುಶಿಕ್ಷೆಗೆ ಗುರಿಪಡಿಸುವ ಅಪರಾಧಗಳು. ಇಲ್ಲಿ ಹುಲಿ, ಚಿರತೆ ಮತ್ತು ಸೀಳುನಾಯಿಗಳ ಮುಖ್ಯ ಆಹಾರವೇ ಜಿಂಕೆಗಳಾಗಿರುವುದರಿಂದ ಅಮೆರಿಕದ ಪರಿಸ್ಥಿತಿಯನ್ನು ಇಲ್ಲಿಗೆ ಹೋಲಿಸಲಾಗದು. ಭಾರತದ ಚುಕ್ಕೆ ಜಿಂಕೆಯನ್ನು 1860ರ ದಶಕದಲ್ಲಿ ಹವಾಯಿ ದ್ವೀಪಗಳಿಗೂ 1932ರಲ್ಲಿ ಟೆಕ್ಸಾಸ್ ರಾಜ್ಯಕ್ಕೂ ಒಯ್ಯಲಾಯಿತು. ಟೆಕ್ಸಾಸ್‌ನಲ್ಲಿ ಅದನ್ನು ಹೊರಗಿನ ಪ್ರಾಣಿಯೆಂದು ಪರಿಗಣಿಸುವುದರಿಂದ ಪರವಾನಗಿ ಇರುವವರು ವರ್ಷದ ಯಾವ ಕಾಲದಲ್ಲಿಯಾದರೂ ಬೇಟೆಯಾಡಬಹುದು.

## ಇವನ್ನೂ ನೋಡಿ

* ಚುಕ್ಕೆ ಜಿಂಕೆ
* ಕಡವೆ
* ಕೃಷ್ಣಮೃಗ
* ವನ್ಯಜೀವಿ ಸಂರಕ್ಷಣಾ ಕಾಯಿದೆ, 1972
* ಲೈಮ್ ರೋಗ